ಹಡಗಿನಲ್ಲಿ ಬಲ್ಲವನೊಬ್ಬನಿರಲಿ

ಬಸವನಗುಡಿಯಲ್ಲಿರುವ ನಮ್ಮ ಮಿತ್ರರೊಬ್ಬರು, ಸರ್ಕಾರದ ಸೇವೆಯಿಂದ ನಿವೃತ್ತರಾದವರು, ಈಚೆಗೆ ಸಕುಟುಂಬರಾಗಿ ಸಮುದ್ರವಿಹಾರ ಮಾಡಿಕೊಂಡು ಬಂದರು. ಮುಂಬಯಿಯಲ್ಲಿ ಹಡಗನ್ನು ಹತ್ತಿ ಕೊಚ್ಚಿಯಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಹಿಂದಿರುಗಿದರು. ಗಾಂಧಿ ಬಜಾರಿನಲ್ಲಿ ಅವರು ಎದುರಾದಾಗ, ಏನೇನು ನೋಡಿದಿರಿ ಎಂದು ಕೇಳಿದೆವು. ಊಟೋಪಚಾರ ಬಹಳ ಚೆನ್ನಾಗಿದ್ದಿತೆಂದರು. ಈಜುಕೊಳ, ಜಾದೂ, ಹಾಡು ಕುಣಿತ ಎಲ್ಲವೂ ಇದ್ದುವೆಂದರು. "ನಮ್ಮ ಕರಾವಳಿ ಕಂಡಿತೆ?" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ರಾತ್ರಿ ನಿದ್ದೆ ಬಾರದೆ ಮೇಲಿನ ಅಟ್ಟಕ್ಕೆ ಬಂದೆ, ಸ್ವಾಮಿ. ಎಡಗಡೆ ಬಹು ದೂರದಲ್ಲಿ ಒಂದು ದೀಪ ಮಿನುಗಿ ಮಿನುಗಿ ಮರೆಯಾಗುತ್ತಿದ್ದಿತು. ಯಾವ ಊರೆಂದು ಅಲ್ಲಿದ್ದವರನ್ನು ಕೇಳಿದೆ. ಒಬ್ಬರಿಗೂ ತಿಳಿಯದು" ಎಂದರು.

ಈ ಮಾತು ನಮ್ಮ ಮನಸ್ಸಿನಲ್ಲಿ ನಾಟಿಕೊಂಡಿರುವುದು. ಆ ದೀಪವು ಕಾರವಾರದ ಕಡೆಯದಾಗಿರಬಹುದು, ಭಟ್ಕಳದ್ದಾಗಿರಬಹುದು, 1901ರಿಂದ ಉರಿಯುತ್ತಿರುವ ಕಾಪುವಿನ ದೀಪಸ್ತಂಭದ್ದೇ ಆಗಿರಬಹುದು. ದೀಪಸ್ತಂಭಗಳಲ್ಲಿ ಒಂದೊಂದಕ್ಕೂ ಒಂದೊಂದು ಗತಿಯುಂಟು. ಎಷ್ಟು ಕ್ಷಣಕ್ಕೊಮ್ಮೆ ಎಷ್ಟು ಸಲ ಹೊಳೆಯುವುದೆಂಬುದನ್ನು ಎಣಿಸಿ ನಾವಿಕನು ತಾನಿರುವ ಎಡೆಯನ್ನು ಅರಿಯುತ್ತಾನೆ. ಮೂವತ್ತು ವರ್ಷಗಳ ಕಾಲ ಈ ರಾಜ್ಯದ ಕಚೇರಿಗಳಲ್ಲಿ ಕೆಲಸ ಮಾಡಿ, ಆ ಜಿಲ್ಲೆಗಳ ಕಡತಗಳನ್ನು ತಿರುವಿಹಾಕಿದ ಒಬ್ಬ ಕನ್ನಡಿಗರು ತಮ್ಮ ನಾಡಿನ ಮುಂದೆಯೇ ಹಾದುಹೋಗುತ್ತ, ಅದು ತಮ್ಮ ನಾಡೆಂದು ತಿಳಿಯದೆ ಮಲಗಲು ಹೋದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಹಡಗಿನವರು ಕೊಡುತ್ತೇವೆಂದುದನ್ನೆಲ್ಲ ಕೊಟ್ಟಿದ್ದಾರೆ. ಒಂದೇ ಒಂದು ಕೊರತೆ: ಸಾವಿರಾರು ಜನರಿದ್ದ ಆ ಹಡಗಿನಲ್ಲಿ ಎದುರಿಗಿರುವುದನ್ನು ತೋರಿಸಿ, ಅದು ಏನೆಂದು ಹೇಳಬಲ್ಲವನು ಒಬ್ಬನೂ ಇರಲಿಲ್ಲ.

ಸಮುದ್ರವನ್ನು ದಾಟಿದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದ ಕಾಲವೊಂದಿದ್ದಿತು. ಆ ಕಾಲ ಹೋದುದು ಒಳ್ಳೆಯದೇ ಆಯಿತು. ಆಮೇಲೆ ವಿದ್ಯೆಗಾಗಿ ಹಡಗು ಹತ್ತಿದವರ ಕಾಲ ಬಂದಿತು, ವಿ. ಕೃ. ಗೋಕಾಕರ 'ಸಮುದ್ರ ಗೀತೆಗಳು' ಅಂಥದೊಂದು ಯಾನದ ಫಲವೆಂಬುದನ್ನು ವಾಚಕರು ಬಲ್ಲರು. ಈಗ ಬಂದಿರುವುದು ವಿರಾಮಕ್ಕಾಗಿ ಹಡಗು ಹತ್ತುವವರ ಕಾಲ. ನಮ್ಮ ಮಲ್ಲೇಶ್ವರ, ಚಾಮರಾಜಪೇಟೆಗಳಿಂದ ತಿರುಪತಿಗೂ ಕಾಶಿಗೂ ಹೋಗುತ್ತಿದ್ದ ಕುಟುಂಬಗಳು ಇಂದು ಗೋವೆಗೂ ಲಕ್ಷದ್ವೀಪಕ್ಕೂ ಸಿಂಗಪುರಕ್ಕೂ ವಿಹಾರದ ಹಡಗುಗಳಲ್ಲಿ ಹೋಗುತ್ತಿವೆ. ಇದನ್ನು ನಾವು ಆಕ್ಷೇಪಿಸುವುದಿಲ್ಲ. ದುಡಿದವನಿಗೆ ವಿರಾಮ ಬೇಕು; ಕಡಲಿನ ಗಾಳಿಗಿಂತ ಒಳ್ಳೆಯ ಔಷಧವನ್ನು ನಾವು ಕಾಣೆವು. ಆದರೆ ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದಾಗ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಸುತ್ತುವವನಿಗೆ ಓದಲು ಬಿಡುವಿಲ್ಲ; ಓದುವವನಿಗೆ ಸುತ್ತಲು ಅನುಕೂಲವಿಲ್ಲ. ಇವೆರಡನ್ನೂ ಒಂದೆಡೆ ಕೂಡಿಸತಕ್ಕವನು ಬಲ್ಲ ಮಾರ್ಗದರ್ಶಿ. ಅವನು ಹಡಗು ಹತ್ತಿದ ಕೋಶ.

ಈ ಕೆಲಸವು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಗಮಕಿಯೊಬ್ಬರು ಕುಮಾರವ್ಯಾಸನನ್ನು ವಾಚಿಸುವಾಗ ಪಕ್ಕದಲ್ಲಿ ವ್ಯಾಖ್ಯಾನಕಾರರು ಕುಳಿತಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ವಾಚನವು ಕಿವಿಗೆ ಇಂಪು. ವ್ಯಾಖ್ಯಾನವು ಆ ಇಂಪಿಗೆ ಅರ್ಥವನ್ನು ಕೂಡಿಸುವುದು. ಒಳ್ಳೆಯ ವ್ಯಾಖ್ಯಾನಕಾರನು ಹೆಚ್ಚು ಮಾತನಾಡನು. ಪದ್ಯದ ಗಂಟನ್ನು ಬಿಡಿಸಿ, ಒಂದು ಹೋಲಿಕೆಯನ್ನು ಕೊಟ್ಟು, ಗಮಕಿಗೆ ಎಡೆಮಾಡಿ ಸುಮ್ಮನಾಗುವನು. ಕಡಲೂ ಕರಾವಳಿಯೂ ತಮ್ಮ ಪಾಡಿಗೆ ತಾವು ವಾಚನವನ್ನು ನಡೆಸಿಯೇ ಇರುವುವು. ವ್ಯಾಖ್ಯಾನಕಾರನ ಆಸನ ಮಾತ್ರ ಬರಿದಾಗಿದೆ.

ದೊಡ್ಡ ಹಡಗಿನ ಮಾತು ಹಾಗಿರಲಿ, ಚಿಕ್ಕ ದೋಣಿಯಲ್ಲಿ ಇದರ ಪ್ರಯೋಜನವನ್ನು ಪರೀಕ್ಷಿಸಬೇಕೆನ್ನುವವರು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗಿಬರಲಿ. ನಾವು ಅಲ್ಲಿಗೆ ಎರಡು ಸಲ ಹೋಗಿದ್ದೇವೆ. ಮೊದಲನೆಯ ಸಲ ದೋಣಿಯವನು ಮಾತಿಲ್ಲದೆ ಹುಟ್ಟುಹಾಕಿದನು; ನಾವು ಬಿಳಿಯ ಹಕ್ಕಿಗಳನ್ನೂ ಕರಿಯ ಹಕ್ಕಿಗಳನ್ನೂ ನೋಡಿ ಹಿಂದಿರುಗಿದೆವು. ಎರಡನೆಯ ಸಲದ ದೋಣಿಯವನು ಬೇರೆ. ಅವನು ಹುಟ್ಟನ್ನು ನಿಲ್ಲಿಸಿ, "ಆ ಹಕ್ಕಿಯ ಕೊಕ್ಕಿನ ನಡುವೆ ಸಂದಿ ಇದೆ, ನೋಡಿ ಸ್ವಾಮಿ. ಅದು ಬಾಯಿಕಳಕ. ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವುದಕ್ಕೆ ಆ ಕೊಕ್ಕು" ಎಂದನು. ಚಮಚೆಯಂಥ ಕೊಕ್ಕಿನ ಹಕ್ಕಿಯನ್ನು ತೋರಿಸಿದನು. ಬಣ್ಣದ ಕೊಕ್ಕರೆಯ ಗೂಡುಗಳನ್ನು ತೋರಿಸಿದನು. ಬಂಡೆಯ ಮೇಲೆ ಬಂಡೆಯಂತೆಯೇ ಬಿದ್ದಿದ್ದ ಮೊಸಳೆಯನ್ನು ತೋರಿಸಿದನು. ಈ ತಿಟ್ಟುಗಳು ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 17ನೆಯ ಶತಮಾನದ ನಡುವೆ, ಕಾವೇರಿಗೆ ಕಟ್ಟಿದ ಅಣೆಯಿಂದ ಆದುವೆಂದೂ, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸೂಚನೆಯ ಮೇರೆಗೆ 1940ರಲ್ಲಿ ಮೈಸೂರು ಸರ್ಕಾರವು ಇದನ್ನು ಪಕ್ಷಿಧಾಮವನ್ನಾಗಿ ಮಾಡಿತೆಂದೂ ಅವನಿಂದಲೇ ಕೇಳಿದೆವು. ಹೊಳೆ ಅದೇ, ಹಕ್ಕಿಗಳು ಅವೇ, ಕೊಟ್ಟ ದುಡ್ಡೂ ಹೆಚ್ಚುಕಡಮೆ ಅಷ್ಟೇ. ಮೊದಲನೆಯ ಸಲ ನಾವು ದೋಣಿಯಲ್ಲಿ ಕುಳಿತಿದ್ದೆವು; ಎರಡನೆಯ ಸಲ ರಂಗನತಿಟ್ಟನ್ನು ನೋಡಿದೆವು.

ಇಂಥವನೊಬ್ಬನು ನಮ್ಮ ಮಿತ್ರರ ಹಡಗಿನಲ್ಲಿದ್ದಿದ್ದರೆ ಏನಾಗುತ್ತಿದ್ದಿತು? ಕಾರವಾರದಿಂದ ಉಳ್ಳಾಲದಾಚೆಯ ತಲಪಾಡಿಯವರೆಗೆ ನಮ್ಮ ಕರಾವಳಿಯು 300 ಕಿಲೋಮೀಟರಿಗೂ ಮೀರಿ ಹಬ್ಬಿದೆ. ಗಂಟೆಗೆ 30 ಕಿಲೋಮೀಟರಿನಂತೆ ಸಾಗುವ ಹಡಗು ಇದನ್ನು ಹತ್ತು ಹನ್ನೊಂದು ಗಂಟೆಗಳಲ್ಲಿ, ಎಂದರೆ ಒಂದೇ ರಾತ್ರಿಯಲ್ಲಿ, ಹಾದುಬಿಡುವುದು. ಆದುದರಿಂದ ಸಂಜೆಯೇ ಅವನು ಜನರನ್ನು ಕೂಡಿಸಿ, ಭೂಪಟವನ್ನು ಬಿಡಿಸಿ, ಅರ್ಧ ಗಂಟೆ ಹೇಳಬೇಕು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದು ನಾಟಕವನ್ನು ಬರೆದ ಊರು ಕಾರವಾರ. ವಿಜಯನಗರದ ಸೈನ್ಯಕ್ಕೆ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳು ಹೊನ್ನಾವರ, ಭಟ್ಕಳ. 14ನೆಯ ಶತಮಾನದಲ್ಲಿ ಇಬ್ನ್ ಬತೂತನು ಹೊನ್ನಾವರವನ್ನೂ ಬಾರಕೂರನ್ನೂ ಮಂಗಳೂರನ್ನೂ ಕಂಡು ಬರೆದಿಟ್ಟಿದ್ದಾನೆ. ಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರ ಬಾಯಲ್ಲಿ ಮೆಣಸಿನ ರಾಣಿ ಎನಿಸಿಕೊಂಡ ಚೆನ್ನಭೈರಾದೇವಿಯ ಗೇರುಸೊಪ್ಪೆ ಶರಾವತಿಯ ದಡದಲ್ಲಿ, ಒಳನಾಡಿನ ಕಡೆಗಿದೆ. ಅದೇ ಪೋರ್ಚುಗೀಸರನ್ನು ಎದುರಿಸಿ ಕಾದಾಡಿದ ರಾಣಿ ಅಬ್ಬಕ್ಕನ ಉಳ್ಳಾಲವು ಬೆಳಗಿನ ಜಾವಕ್ಕೆ ಬರುವುದು. ಮಲ್ಪೆಯ ಎದುರಿಗೆ ಸೇಂಟ್ ಮೇರೀಸ್ ದ್ವೀಪಗಳಲ್ಲಿ, ಬಡಗಿ ಕೊರೆದು ನಿಲ್ಲಿಸಿದಂತೆ ಅಂಚುಕಟ್ಟಾಗಿ ನಿಂತಿರುವ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ನೆಲದಿಂದ ಸೀಳಿ ಬೇರೆಯಾದ ಕಾಲದ ಬೆಂಕಿಯ ರಸ ಆರಿ ಆದವು. ಇಷ್ಟನ್ನು ಕೇಳಿ ಮೇಲಿನ ಅಟ್ಟಕ್ಕೆ ಬಂದವನಿಗೆ ಆ ಮಿನುಗುವ ದೀಪವು ಬರಿಯ ದೀಪವಾಗಿ ಉಳಿಯುತ್ತಿದ್ದಿತೆ?

ಮಂಗಳೂರನ್ನು ಬೇರೆಯಾಗಿಯೇ ಹೇಳಬೇಕು. 12ನೆಯ ಶತಮಾನದಲ್ಲಿ ಟ್ಯುನೀಸಿಯದ ಕಡೆಯ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಎಂಬವನು ಅಲ್ಲಿ ಹಲವು ವರ್ಷ ಮನೆಮಾಡಿಕೊಂಡಿದ್ದನು. ಅವನ ಪತ್ರಗಳು ಕೈರೋವಿನ ಯೆಹೂದಿ ಮಂದಿರವೊಂದರಲ್ಲಿ ಉಳಿದು, ವಿದ್ವಾಂಸರ ಕೈಗೆ ಸಿಕ್ಕಿವೆ. ಕನ್ನಡದ ಮೊದಲನೆಯ ವೃತ್ತಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟುದು ಆ ಊರಿನಿಂದ. ನಮ್ಮಂಥ ಪತ್ರಿಕೆಯವರಿಗೆ ಅದು ತವರು. ಕಿಟ್ಟೆಲ್ ಮಹಾಶಯರ ಕೋಶವು 1894ರಲ್ಲಿ ಅಚ್ಚಾಗಿ ಬಂದುದೂ ಅಲ್ಲಿಂದಲೇ. ಚಾಮರಾಜಪೇಟೆಯಲ್ಲಿ ಉಳಿದಿರುವ ಹಳೆಯ ಮನೆಗಳ ಸೂರಿನ ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಕಾಣುವ ಹೆಂಚಿನ ಹೆಸರೇ ಮಂಗಳೂರು ಹೆಂಚು. ಇಷ್ಟು ಹತ್ತಿರದ ನಂಟನ್ನು ಕಿಟಕಿಯಾಚೆ ಬಿಟ್ಟು, ಒಳಗೆ ಜಾದೂಗಾರನು ಟೊಪ್ಪಿಯಿಂದ ಪಾರಿವಾಳವನ್ನು ತೆಗೆಯುವುದನ್ನು ನೋಡುತ್ತ ಕುಳಿತಿರುವುದು ನಷ್ಟವಲ್ಲವೆ? ಲಕ್ಷದ್ವೀಪಕ್ಕೆ ಹೋಗುವವರ ಮಾತೂ ಇದೇ. ಅಲ್ಲಿಯ ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವೆಂಬುದನ್ನು, ಆ ಮರಳಿನ ಮೇಲೆ ನಡೆದಾಡಿ ಬಂದ ನಮ್ಮವರಲ್ಲಿ ಎಷ್ಟು ಮಂದಿ ಅರಿತಿರುವರು?

ಹೊರನಾಡುಗಳಲ್ಲಿ ಇದನ್ನು ಬಹು ಹಿಂದೆಯೇ ಅರಿತರು. 1944ರಿಂದ 1948ರವರೆಗೆ ನಮ್ಮ ದೇಶದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಾಧಿಕಾರಿಯಾಗಿದ್ದು, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆತವನ್ನು ನಡೆಸಿದ ಮಾರ್ಟಿಮರ್ ವ್ಹೀಲರ್ ಅವರ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಅವರು ಸ್ವದೇಶಕ್ಕೆ ಹೋದಮೇಲೆ, 1950ರ ದಶಕದಿಂದ, ಗ್ರೀಸ್ ದೇಶದ ಕಡಲಿನಲ್ಲಿ ವಿಹರಿಸುವ ಹಡಗುಗಳಲ್ಲಿ ಯಾತ್ರಿಕರಿಗೆ ಉಪನ್ಯಾಸ ಮಾಡುತ್ತಿದ್ದರು. ಅಂಥ ಪಂಡಿತರೇ ಹಡಗಿನ ಜನರ ಮುಂದೆ ನಿಲ್ಲುವುದನ್ನು ಕೀಳೆಂದು ಎಣಿಸಲಿಲ್ಲ; ವಿಹಾರಕ್ಕೆ ಬಂದ ಜನರೂ ಅವರ ಮಾತನ್ನು ಬೇಸರವೆಂದು ಎಣಿಸಲಿಲ್ಲ. ಇನ್ನು ಕೆಲವೆಡೆಗಳಲ್ಲಿ ಮಾರ್ಗದರ್ಶಿಯು ಅಲಂಕಾರವಲ್ಲ, ಕಟ್ಟಳೆ. ಗ್ಯಾಲಪಗೋಸ್ ದ್ವೀಪಗಳಲ್ಲಿ ಹಡಗಿನ ಯಾತ್ರಿಕರು ಅಧಿಕೃತ ಮಾರ್ಗದರ್ಶಿಯಿಲ್ಲದೆ ರಕ್ಷಿತ ನೆಲಕ್ಕೆ ಇಳಿಯುವಂತಿಲ್ಲ. ಒಬ್ಬನ ಹಿಂದೆ 16 ಜನಕ್ಕಿಂತ ಹೆಚ್ಚು ಮಂದಿ ಹೋಗುವಂತಿಲ್ಲ. ಅಂಟಾರ್ಕ್ಟಿಕದಲ್ಲಿ ಪ್ರವಾಸ ನಡೆಸುವವರು ತಾವೇ ಮಾಡಿಕೊಂಡ ನಿಯಮದ ಪ್ರಕಾರ, ಒಂದು ಎಡೆಯಲ್ಲಿ ಒಮ್ಮೆಗೆ 100 ಜನಕ್ಕಿಂತ ಹೆಚ್ಚು ಮಂದಿ ಇಳಿಯರು, 20 ಜನಕ್ಕೆ ಒಬ್ಬ ಬಲ್ಲವನಾದರೂ ಇರುವನು. ಬಲ್ಲವನ ಮಾತು ನೋಟವನ್ನು ಹೆಚ್ಚಿಸುವುದಲ್ಲದೆ ನೋಡುವ ವಸ್ತುವನ್ನೂ ಕಾಪಾಡುವುದೆಂಬ ಅರಿವು ಇದರ ಹಿಂದೆ ಇರುವುದು. ಅರಿತ ಮೇಲೆ ಮನುಷ್ಯನು ಮಲ್ಪೆಯ ದ್ವೀಪದಿಂದ ಕಲ್ಲನ್ನು ಜೇಬಿಗೆ ಹಾಕಿಕೊಳ್ಳಲು ಸಂಕೋಚಪಡುತ್ತಾನೆ.

ಬಲ್ಲವನು ಎಂದೆವಷ್ಟೆ. ಬಾಯಿಯಿದ್ದವರೆಲ್ಲರೂ ಬಲ್ಲವರಲ್ಲ. ತಪ್ಪು ಹೇಳುವ ಮಾರ್ಗದರ್ಶಿಗಿಂತ ಮಾರ್ಗದರ್ಶಿಯಿಲ್ಲದಿರುವುದೇ ಲೇಸು. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ದಾರಿತಪ್ಪಿ ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಬೆಂದಕಾಳೂರಾಯಿತೆಂದು ಬಂದವರಿಗೆಲ್ಲ ಹೇಳುತ್ತಲೇ ಇದ್ದೇವೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಕ್ರಿ.ಶ. 890ರ ಸುಮಾರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತು ಬಂದಿರುವುದು. ಎಂದರೆ ಬಲ್ಲಾಳನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಮುಂಚೆ. ಕಥೆಯನ್ನು ಹೇಳಬಾರದೆಂದು ನಾವು ಹೇಳುವುದಿಲ್ಲ. ಕಥೆಯನ್ನು ಕಥೆಯೆಂದು ಹೇಳಲಿ, ಶಾಸನವನ್ನು ಶಾಸನವೆಂದು ಹೇಳಲಿ. ಕರಾವಳಿಗೂ ಇಂಥ ಪರೀಕ್ಷೆಯೊಂದುಂಟು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಅರಸನೂ ಅವನ ಜನರೂ ಆಡುವ ತಿಳಿಯದ ಮಾತುಗಳು ಕನ್ನಡವೆಂದು ಹುಲ್ಟ್ಸ್ ಪಂಡಿತರು ಊಹಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕುರಿತು ಶ್ರಮಿಸಿ ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ. ನಮ್ಮ ಅಭಿಮಾನಕ್ಕೆ ಹಿತವಾದುದೆಂಬ ಕಾರಣದಿಂದ ಇದನ್ನು ಸಿದ್ಧಾಂತವೆಂದು ಹೇಳುವವನು ಭಾಟನು. ಎರಡು ಪಕ್ಷಗಳನ್ನೂ ಮುಂದಿಟ್ಟು ತೀರ್ಪನ್ನು ಕೇಳುವವರಿಗೆ ಬಿಡುವವನು ಬಲ್ಲವನು. ತಿಳಿಯದುದನ್ನು ತಿಳಿಯದೆನ್ನುವ ಧೈರ್ಯವೇ ಈ ಉದ್ಯೋಗದ ಮೊದಲನೆಯ ಅರ್ಹತೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ವಿಶ್ರಾಂತಿಗೆಂದು ಹೋದವನಿಗೆ ಪಾಠವೇಕೆ ಎಂಬುದು ಒಂದು. ಯಾರೂ ಬೆತ್ತ ಹಿಡಿದು ಕೂರಿಸುವುದಿಲ್ಲ, ಬೇಡವಾದವನು ಮಲಗಿರಲಿ. ಆದರೆ ನ್ಯಾಷನಲ್ ಕಾಲೇಜಿನ ವಿಜ್ಞಾನೋಪನ್ಯಾಸಗಳಿಗೂ, ಡಿವಿಜಿಯವರು ಕಟ್ಟಿದ ಗೋಖಲೆ ಸಂಸ್ಥೆಯ ವ್ಯಾಖ್ಯಾನಗಳಿಗೂ, ರಾಮೋತ್ಸವದ ಕಛೇರಿಗಳಿಗೂ ಗಂಟೆಗಟ್ಟಲೆ ಕುಳಿತು ಬೇಸರಿಸದ ಊರು ಇದು. ನೆಲದ ಮೇಲೆ ಎರಡು ಗಂಟೆ ಕೇಳಬಲ್ಲವರು ನೀರಿನ ಮೇಲೆ ಅರ್ಧ ಗಂಟೆ ಕೇಳಲಾರರೆ? ಎಲ್ಲವೂ ಕೈಯಲ್ಲಿರುವ ಮೊಬೈಲಿನಲ್ಲಿಯೇ ಇದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ದಡವನ್ನು ಬಿಟ್ಟು ಸ್ವಲ್ಪ ದೂರ ಹೋದರೆ ಅದರ ಬಾಯಿ ಕಟ್ಟುವುದೆಂಬುದು ಹಾಗಿರಲಿ. ಅದು ಕೇಳಿದುದಕ್ಕೆ ಉತ್ತರ ಕೊಡುವುದು. ಏನನ್ನು ಕೇಳಬೇಕೆಂಬುದನ್ನು ಹೇಳದು. ನಮ್ಮ ಮಿತ್ರರಿಗೆ ಬೇಕಾಗಿದ್ದುದು ಪಕ್ಕದಲ್ಲಿ ನಿಂತು, ಬೆರಳೆತ್ತಿ, "ಅದೋ ನೋಡಿ" ಎನ್ನುವ ಒಬ್ಬ ಮನುಷ್ಯ.

ಇನ್ನು ಒಳಬರುವವರ ವಿಚಾರ. 1974ರಲ್ಲಿ ಮಹಾಬಂದರಾದ ಪಣಂಬೂರಿಗೆ ವಿದೇಶಗಳ ವಿಹಾರದ ಹಡಗುಗಳು ಬರುತ್ತಿವೆ. ಅದರ ಜನರು ಬೆಳಗ್ಗೆ ಇಳಿದು, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ, 1432ರಲ್ಲಿ ನಿಂತ 42 ಅಡಿಗಳ ಕಾರ್ಕಳದ ಗೊಮ್ಮಟನನ್ನೂ, ಇಟಲಿಯ ಮೊಸ್ಕೆನಿ ಎಂಬ ಕಲಾವಿದನು ಚಿತ್ರಿಸಿದ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನೂ ಅವಸರದಲ್ಲಿ ನೋಡಿ ಸಂಜೆಗೆ ಹಡಗನ್ನು ಸೇರುತ್ತಾರೆ. ಒಂದೇ ಹಗಲಿನಲ್ಲಿ ಅವರ ಮನಸ್ಸಿನಲ್ಲಿ ನಮ್ಮ ನಾಡಿನ ಯಾವ ಚಿತ್ರ ನಿಲ್ಲುವುದೆಂಬುದು, ಹಿಂದಿನ ರಾತ್ರಿ ಹಡಗಿನಲ್ಲಿ ಅವರಿಗೆ ಯಾರು ಏನು ಹೇಳಿದರೆಂಬುದನ್ನೇ ಅವಲಂಬಿಸಿದೆ. ಗೊಮ್ಮಟನು ರಾಜ್ಯವನ್ನು ಗೆದ್ದು ಬಿಟ್ಟವನೆಂಬುದನ್ನು ಅರಿತವನು ಆ ಮೂರ್ತಿಯ ಮುಂದೆ ನಿಲ್ಲುವ ಬಗೆಯೇ ಬೇರೆ. ಅರಿಯದವನಿಗೆ ಅದು ಬಟ್ಟೆಯಿಲ್ಲದ ದೊಡ್ಡ ಕಲ್ಲು. ನಮ್ಮನ್ನು ನಾವು ಹೇಳಿಕೊಳ್ಳದಿದ್ದರೆ ಇನ್ನೊಬ್ಬರು ತಮಗೆ ತೋಚಿದಂತೆ ಹೇಳುವರು. ಈ ಕಾರ್ಯವನ್ನು ಅನ್ಯರ ಕೈಗೆ ಬಿಟ್ಟು, ಆಮೇಲೆ ನಮ್ಮನ್ನು ತಪ್ಪಾಗಿ ತಿಳಿದರೆಂದು ಕೊರಗುವುದು ಸ್ವಾಭಿಮಾನಿಗಳಿಗೆ ತಕ್ಕುದಲ್ಲ.

ಆಗಬೇಕಾದುದು ಹೆಚ್ಚೇನೂ ಇಲ್ಲ. ಕರ್ನಾಟಕದ ಬಂದರಿಗೆ ಬರುವ ಹಡಗನ್ನು ಅದರ ಹಿಂದಿನ ನಿಲ್ದಾಣದಲ್ಲಿಯೇ ನಮ್ಮ ನಾಡನ್ನು ಬಲ್ಲವರೊಬ್ಬರು, ಗಂಡಸರಾಗಲಿ ಹೆಂಗಸರಾಗಲಿ, ಹತ್ತುವಂತೆ ರಾಜ್ಯದ ಪ್ರವಾಸೋದ್ಯಮ ಇಲಾಖೆಯೂ ಬಂದರಿನ ಅಧಿಕಾರಿಗಳೂ ಕೂಡಿ ಏರ್ಪಡಿಸಬಹುದು. ನಮ್ಮ ಜನರು ಹೆಚ್ಚಾಗಿ ಹೋಗುವ ಹಡಗುಗಳಲ್ಲಿ ಕನ್ನಡದಲ್ಲಿ ಹೇಳತಕ್ಕವರು ಇರಬೇಕೆಂದು ಕಂಪೆನಿಗಳನ್ನು ಒತ್ತಾಯಪಡಿಸಬಹುದು. ಯೋಗ್ಯರಾದವರು ಎಲ್ಲಿದ್ದಾರೆ ಎಂದು ಕೇಳುವವರು ನಮ್ಮ ಪೇಟೆಗಳಲ್ಲಿಯೇ ಒಮ್ಮೆ ಸುತ್ತಾಡಲಿ. ಇತಿಹಾಸ, ಭೂಗರ್ಭಶಾಸ್ತ್ರ, ಜೀವಶಾಸ್ತ್ರಗಳನ್ನು ಜೀವಮಾನವೆಲ್ಲ ಬೋಧಿಸಿ ನಿವೃತ್ತರಾದ ಉಪಾಧ್ಯಾಯರು ಮಲ್ಲೇಶ್ವರದಲ್ಲಿಯೂ ಬಸವನಗುಡಿಯಲ್ಲಿಯೂ ಸಂಜೆ ಉದ್ಯಾನದ ಕಲ್ಲುಬೆಂಚುಗಳ ಮೇಲೆ ಕುಳಿತಿರುವರು. ಬೆಂಗಳೂರಿನ ಶಾಸನಗಳನ್ನು ಬೀದಿಬೀದಿ ಹುಡುಕಿ ಕಾಪಾಡುತ್ತಿರುವ ಉತ್ಸಾಹಿ ಯುವಕರು ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಕೆಲಸ ಮಾಡುತ್ತಿರುವರು. ಹಿರಿಯರಿಂದ ವಿದ್ಯೆಯನ್ನೂ ಕಿರಿಯರಿಂದ ಕಾಲಿನ ಕಸುವನ್ನೂ ತೆಗೆದುಕೊಂಡು, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು ಒಂದು ತರಗತಿಯನ್ನು ನಡೆಸಿದರೆ, ವರ್ಷಕ್ಕೆ ಹತ್ತು ಹನ್ನೆರಡು ಮಂದಿಯಾದರೂ ಸಿದ್ಧರಾಗುವರು. ಅವರಿಗೆ ಕೊಡುವ ಸಂಬಳವು ಭಿಕ್ಷೆಯಂತಿರಬಾರದು. ಹಾಡುವವನಿಗೂ ಕುಣಿಯುವವನಿಗೂ ಹಣ ಕೊಡುವ ಹಡಗು, ಹೇಳುವವನಿಗೆ ಮಾತ್ರ ಊಟ ಹಾಕಿ ಕಳುಹಿಸುವುದು ನ್ಯಾಯವಲ್ಲ.

ಇವೆಲ್ಲಕ್ಕಿಂತ ಮೊದಲು ಆಗಬೇಕಾದುದು ಯಾತ್ರಿಕನ ಕೈಯಲ್ಲಿದೆ. ಚೀಟಿಯನ್ನು ಕೊಳ್ಳುವಾಗ ನಾವು ಕೋಣೆಗೆ ಕಿಟಕಿ ಇದೆಯೆ ಎಂದು ಕೇಳುತ್ತೇವೆ, ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಅಡಿಗೆ ಸಿಕ್ಕುವುದೆ ಎಂದು ಕೇಳುತ್ತೇವೆ. ಕೇಳಿದುದರಿಂದಲೇ ಅವು ದೊರೆಯುತ್ತಿವೆ. ಕಿಟಕಿಯಾಚೆ ಇರುವುದನ್ನು ಹೇಳುವವರು ಯಾರೆಂದು ಈವರೆಗೆ ಯಾರೂ ಕೇಳಿಲ್ಲ. ಆದುದರಿಂದ ಯಾರೂ ಇಲ್ಲ. ಹತ್ತು ಜನ ಕೇಳಿದರೆ ಕಂಪೆನಿಯು ನಗಬಹುದು. ಸಾವಿರ ಜನ ಕೇಳಿದರೆ ಒಬ್ಬನನ್ನು ನೇಮಿಸುವುದು.

ನಮ್ಮ ಮಿತ್ರರು ಮುಂದಿನ ವರ್ಷ ಮತ್ತೆ ಹಡಗನ್ನು ಹತ್ತಬೇಕೆಂದಿರುವರು. ಮೊದಲು ಈ ಪ್ರಶ್ನೆಯನ್ನು ಕೇಳುವೆನೆಂದು ನಮಗೆ ಮಾತು ಕೊಟ್ಟಿದ್ದಾರೆ. ಉತ್ತರವು ಇಲ್ಲವೆಂದು ಬಂದಲ್ಲಿ, ಒಂದು ಭೂಪಟವನ್ನೂ ದೀಪಸ್ತಂಭಗಳ ಗತಿಯನ್ನು ಬರೆದುಕೊಂಡ ಒಂದು ಚೀಟಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ, ತಮ್ಮ ಮೊಮ್ಮಕ್ಕಳಿಗೆ ತಾವೇ ಹೇಳುವರಂತೆ. ಆ ದೀಪವು ಯಾವ ಊರಿನದೆಂದು ಈ ಸಲವಾದರೂ ಅವರಿಗೆ ತಿಳಿಯಲಿ ಎಂದು ಹಾರೈಸುತ್ತೇವೆ.